ಇಲಿ ಲಿವರ್ ಪ್ರೋಟೀನ್ ತಿಂಗಳೊಳಗೆ ಹಾಳಾಗಿದೆ, ಎಲ್ಲಿ ಎಡವಿದೆ?

ಲ್ಯಾಬ್_ಹೊಸಬ:
ಎಲ್ಲರಿಗೂ ನಮಸ್ಕಾರ. ಇಲಿ ಲಿವರನ್ನು ರೈಪಾ ಬಫರ್‌ನಲ್ಲಿ (ಜೀವಕೋಶ ಒಡೆದು ಪ್ರೋಟೀನ್ ಹೊರತೆಗೆಯುವ ದ್ರಾವಣ) ಅರೆದು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಒಂದೊಂದು ಇಲಿಗೆ ಒಂದೇ ಟ್ಯೂಬ್‌ನಂತೆ ಮೈನಸ್ 20ರಲ್ಲಿ ಇಟ್ಟಿದ್ದೆ. ಮೊದಲ ವಾರ ವೆಸ್ಟರ್ನ್ ಬ್ಲಾಟ್ (ಆಂಟಿಬಾಡಿಯಿಂದ ಒಂದು ಪ್ರೋಟೀನನ್ನು ಬ್ಯಾಂಡ್ ಆಗಿ ನೋಡುವ ಪರೀಕ್ಷೆ) ಚೆನ್ನಾಗಿ ಬಂತು. ತಿಂಗಳಾದ ಮೇಲೆ ಅದನ್ನೇ ಓಡಿಸಿದರೆ ಮುಖ್ಯ ಬ್ಯಾಂಡ್ ಮಂಕು, ಕೆಳಗೆ ಬೇಡದ ಚಿಲ್ಲರೆ ಬ್ಯಾಂಡ್‌ಗಳು. ಆಂಟಿಬಾಡಿ ಅದೇ. ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು (ಪ್ರೋಟಿಯೇಸ್) ತಡೆಯುವ ಪಿಎಂಎಸ್ಎಫ್ ಕೂಡ ಇತ್ತು, ಬಫರ್ ಮಾಡಿದ ದಿನವೇ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟಿದ್ದೆ. ಆರು ಇಲಿಗಳ ಸ್ಯಾಂಪಲ್, ಸುಮ್ನೆ ಮತ್ತೆ ಸಿಗುವಂಥದ್ದಲ್ಲ.

ಬಫರ್_ಭಟ್ಟ:
ಕೊನೆಯಲ್ಲಿ ಹೇಳಿದಿರಲ್ಲ, ಅಲ್ಲೇ ಇದೆ ತೊಂದರೆ. ಪಿಎಂಎಸ್ಎಫ್ ನೀರಿನಲ್ಲಿ ಬಾಳುವುದಿಲ್ಲ. ಪಿಎಚ್ 8, 25 ಡಿಗ್ರಿಯಲ್ಲಿ ಒಂದು ಗಂಟೆಯೊಳಗೇ ಅರ್ಧ ಹೋಗಿರುತ್ತದೆ. ಫ್ರಿಜ್‌ನಲ್ಲಿ ಸ್ವಲ್ಪ ನಿಧಾನ, ಅಷ್ಟೇ. ಐಸೋಪ್ರೊಪನಾಲ್‌ನಲ್ಲಿ ಸ್ಟಾಕ್ ಮಾಡಿಟ್ಟು, ಅರೆಯುವ ಮುಂಚೆ 1 ಮಿಲಿಮೋಲಾರ್ ಆಗುವಷ್ಟು ಸೇರಿಸಿ. ವಿಷ ಅದು, ಗ್ಲೌಸ್ ಮರೀಬೇಡಿ. ಇನ್ನೊಂದು, ಅದು ಹಿಡಿಯುವುದು ಮುಖ್ಯವಾಗಿ ಸೆರೀನ್ ಪ್ರೋಟಿಯೇಸ್ ಎಂಬ ಒಂದು ಗುಂಪನ್ನು. ಲಿವರ್‌ನಲ್ಲಿ ಲೈಸೋಸೋಮ್ (ಕೋಶದೊಳಗಿನ ಜೀರ್ಣ ಚೀಲ) ಜಾಸ್ತಿ, ಅದರೊಳಗಿನ ಕೆಥೆಪ್ಸಿನ್ ಬಿ, ಡಿ ಎಂಬ ಬೇರೆ ಗುಂಪಿನ ಪ್ರೋಟಿಯೇಸ್‌ಗಳು ಇದಕ್ಕೆ ಜಗ್ಗಲ್ಲ. ಅವನ್ನು ತಡೆಯುವ ಲ್ಯೂಪೆಪ್ಟಿನ್, ಪೆಪ್‌ಸ್ಟಾಟಿನ್ ಇರುವ ಕಾಕ್‌ಟೇಲ್ (ಹಲವು ತಡೆಗಳ ಮಿಶ್ರಣ) ಬೇಕು.

ಮೈನಸ್_ಎಂಬತ್ತು:
ಆ ಟ್ಯೂಬ್ ಎಷ್ಟು ಸಲ ಕರಗಿಸಿದ್ದೀರಿ?

ಲ್ಯಾಬ್_ಹೊಸಬ:
ಲೆಕ್ಕ ಇಟ್ಟಿಲ್ಲ ಅಕ್ಕ. ಹತ್ತಾದರೂ ಆಗಿರಬಹುದು.

ಮೈನಸ್_ಎಂಬತ್ತು:
ಅಯ್ಯೋ! ಪ್ರತಿ ಸಲ ಕರಗಿದಾಗಲೂ ಉಳಿದ ಪ್ರೋಟಿಯೇಸ್‌ಗೆ ಊಟ ಬಡಿಸಿದ ಹಾಗೆ ಅಲ್ವಾ. ತಿಳಿ ತೆಗೆದ ದಿನವೇ 20–50 ಮೈಕ್ರೋಲೀಟರ್‌ನಂತೆ ಚಿಕ್ಕ ಟ್ಯೂಬ್‌ಗಳಿಗೆ ಹಂಚಿ ಮೈನಸ್ 80ಕ್ಕೆ ಹಾಕಿ, ಕರಗಿಸಿದ್ದನ್ನು ವಾಪಸ್ ಇಡಬೇಡಿ. ತಾನಾಗೇ ಹಿಮ ಕರಗಿಸಿಕೊಳ್ಳುವ ಮನೆ ಫ್ರಿಜ್ ಥರದ್ದು ಬೇಡವೇ ಬೇಡ, ಒಳಗೆ ಬಿಸಿ ಏರಿಳಿಯುತ್ತಲೇ ಇರುತ್ತದೆ. ಬರೀ ವೆಸ್ಟರ್ನ್‌ಗಾದರೆ ನಾನು ಒಂದು ಪಾಲನ್ನು ಆಗಲೇ ಲೆಮ್ಲಿ ಬಫರ್‌ನಲ್ಲಿ (ಜೆಲ್‌ಗೆ ಹಾಕುವ ಮುಂಚೆ ಬೆರೆಸುವ, ಎಸ್‌ಡಿಎಸ್ ಮತ್ತು ಡಿಟಿಟಿ ಇರುವ ದ್ರಾವಣ) 95 ಡಿಗ್ರಿಯಲ್ಲಿ 5 ನಿಮಿಷ ಕುದಿಸಿಯೇ ಇಡುತ್ತೇನೆ. ಪ್ರೋಟೀನಿನ ಮಡಿಕೆ ಬಿಚ್ಚುವ ಎಸ್‌ಡಿಎಸ್ ಮತ್ತು ಬಿಸಿ ಸೇರಿದರೆ ಪ್ರೋಟಿಯೇಸ್‌ಗಳ ಆಟ ನಿಂತ ಹಾಗೆ. ಆದರೆ ಪ್ರೋಟೀನ್ ಎಷ್ಟಿದೆ ಎಂದು ನೋಡುವ ಬಿಸಿಎ ಅಳತೆ ಅದಕ್ಕೂ ಮುಂಚೆ ಆಗಲಿ, ಡಿಟಿಟಿ ಸೇರಿದ ಮೇಲೆ ಓದು ಸುಳ್ಳು ಬರುತ್ತದೆ.

ಲ್ಯಾಬ್_ಹೊಸಬ:
ಹಳೇ ಟ್ಯೂಬಿಗೆ ಈಗ ಕಾಕ್‌ಟೇಲ್ ಹಾಕಿದರೆ?

ಬಫರ್_ಭಟ್ಟ:
ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ತುಂಡಾದ ಪ್ರೋಟೀನ್ ಕೂಡಲ್ಲ. ಲಿವರ್ ತುಂಡು ಏನಾದರೂ ಉಳಿದಿದೆಯಾ?

ಲ್ಯಾಬ್_ಹೊಸಬ:
ನಾಲ್ಕು ಇಲಿಗಳದ್ದು ಮೈನಸ್ 80ರಲ್ಲಿದೆ. ಇನ್ನೆರಡರದ್ದು ಪೂರ್ತಿ ಅರೆದುಬಿಟ್ಟಿದ್ದೆ.

ಬಫರ್_ಭಟ್ಟ:
ನಾಲ್ಕಾದರೂ ಇದೆಯಲ್ಲ. ಅದನ್ನು ಕರಗಲು ಬಿಡಬೇಡಿ. ಹೆಪ್ಪುಗಟ್ಟಿದಾಗಲೇ ಐಸ್ ಹರಳು ಲೈಸೋಸೋಮ್‌ಗಳನ್ನು ಒಡೆದಿರುತ್ತದೆ, ಕರಗಿದ ಕೂಡಲೇ ಒಳಗಿನ ಪ್ರೋಟಿಯೇಸ್ ಎಲ್ಲ ಹೊರಗೆ. ಒರಳಿಗೆ ದ್ರವ ನೈಟ್ರೋಜನ್ ಸುರಿದು, ತುಂಡನ್ನು ಕುಟ್ಟಿ ಪುಡಿ ಮಾಡಿ, ಪುಡಿಯನ್ನು ನೇರವಾಗಿ ಕಾಕ್‌ಟೇಲ್ ಇರುವ ಐಸ್‌ನಂಥ ಬಫರ್‌ಗೆ ಹಾಕಿ. ಲೋಳೆ ಲೋಳೆ ಅನಿಸಿದರೆ ಅದು ಡಿಎನ್‌ಎ, ಐಸ್ ಮೇಲಿಟ್ಟೇ ನಡುನಡುವೆ ನಿಲ್ಲಿಸುತ್ತಾ ಸ್ವಲ್ಪ ಸ್ವಲ್ಪ ಹೊತ್ತು ಸೋನಿಕೇಟ್ ಮಾಡಿ (ಶಬ್ದತರಂಗದಿಂದ ಅದನ್ನು ತುಂಡರಿಸುವುದು). ಮೊದಲು ಒಂದೇ ತುಂಡಿನಲ್ಲಿ ನೋಡಿ, ನಾಲ್ಕನ್ನೂ ಒಟ್ಟಿಗೆ ಹಿಡಿಯಬೇಡಿ.