ಯುಕೆ: ಆಶ್ರಯ ಕೋರಿ ಬಂದವರಿಗೆ ನಾವು ಎಲ್ಲಿಯವರೆಗೆ ನೆರವಾಗಬಹುದು?

ಲೆಸ್ಟರ್ ಕನ್ನಡತಿ:
ನಮ್ಮ ಬಳಗದ ನಾಲ್ಕೈದು ಜನ ಶನಿವಾರ ಇಲ್ಲಿನ ಆಶ್ರಯಾರ್ಥಿಗಳ ಕೇಂದ್ರದಲ್ಲಿ ಕೆಲಸ ಮಾಡುತ್ತೇವೆ. ಬರುವವರು ಹೆಚ್ಚಾಗಿ ಅಫ್ಘಾನಿಸ್ತಾನ, ಸುಡಾನ್‌ನವರು. ಹೋಮ್ ಆಫೀಸಿನ (ಇಲ್ಲಿನ ಗೃಹ ಇಲಾಖೆ, ಆಶ್ರಯದ ಅರ್ಜಿ ನೋಡುವುದು ಇದೇ) ಪತ್ರ ಚಾಚಿ ಏನು ಮಾಡಲಿ ಅಂತ ಕೇಳುತ್ತಾರೆ. ಒಬ್ಬರಿಗೆ ಮುಂದಿನ ವಾರ, ಆಶ್ರಯ ಯಾಕೆ ಬೇಕು ಅಂತ ವಿವರವಾಗಿ ಕೇಳುವ ದೊಡ್ಡ ಇಂಟರ್‌ವ್ಯೂ, ವಕೀಲರಿಲ್ಲ. ಇನ್ನೊಂದು ಮನೆಯಲ್ಲಿ ಬಾಯ್ಲರ್ ಕೆಟ್ಟಿದೆ, ಮಗು ಚಿಕ್ಕದು. ಎಲ್ಲಿ ಶುರು ಮಾಡಲಿ?

ಕಾನೂನು ಬಲ್ಲವ:
ಮೊದಲು ಗೆರೆ ಗೊತ್ತಿರಲಿ. ನೋಂದಣಿ ಇಲ್ಲದವರು ವಲಸೆ ಸಲಹೆ ಕೊಡುವುದು 1999ರ ವಲಸೆ ಮತ್ತು ಆಶ್ರಯ ಕಾಯ್ದೆಯ ಪ್ರಕಾರ ಅಪರಾಧ, ದುಡ್ಡು ತೆಗೆದುಕೊಳ್ಳದಿದ್ದರೂ. ಪತ್ರ ಓದಿ ಹೇಳಬಹುದು, ಕೊನೆಯ ದಿನಾಂಕ ಗುರುತು ಹಾಕಿಕೊಡಬಹುದು, ವಕೀಲರನ್ನು ಹುಡುಕಲು ಜೊತೆಗೆ ಕೂತು ಫೋನ್ ಮಾಡಬಹುದು. "ಇಂಟರ್‌ವ್ಯೂನಲ್ಲಿ ಹೀಗೆ ಹೇಳಿ" ಅನ್ನಬೇಡಿ.

ಆಶ್ರಯದ ಪ್ರಕರಣಕ್ಕೆ ಲೀಗಲ್ ಏಡ್ (ಸರ್ಕಾರದ ಖರ್ಚಿನಲ್ಲಿ ವಕೀಲರು) ಉಂಟು, ಆದರೆ ಅಂಥ ವಕೀಲರ ಕಚೇರಿಗಳು ತುಂಬಿ ತುಳುಕುತ್ತಿವೆ. ಒಂದೆರಡು ಕಡೆ ಇಲ್ಲ ಅಂದರೆ ನಿಲ್ಲಿಸಬೇಡಿ, ಬೇರೆ ಊರಿನವರನ್ನೂ ಕೇಳಿ. ಯಾವ ಕಚೇರಿಗೆ ಯಾವಾಗ ಫೋನ್ ಮಾಡಿದಿರಿ ಅಂತ ಬರೆದಿಡಿ. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿಗೆ, ಹೋಮ್ ಆಫೀಸ್ ತಿರಸ್ಕಾರದ ಪತ್ರ ಕಳಿಸಿದ ದಿನದಿಂದ 14 ದಿನ ಮಾತ್ರ. ಸರ್ಕಾರ ಇಳಿಸಿರುವ ಹೋಟೆಲ್ ಬದಲಾದಾಗ ಪತ್ರ ಹಳೇ ವಿಳಾಸಕ್ಕೆ ಹೋಗಿ ದಿನ ಕಳೆದುಹೋಗುತ್ತದೆ. ಜಾಗ ಬದಲಾದ ದಿನವೇ ವಕೀಲರಿಗೂ ಹೋಮ್ ಆಫೀಸಿಗೂ ಹೊಸ ವಿಳಾಸ ಲಿಖಿತವಾಗಿ ತಿಳಿಸಬೇಕು.

ದುಭಾಷಿ:
ಇಂಟರ್‌ವ್ಯೂಗೆ ದುಭಾಷಿಯನ್ನು ಹೋಮ್ ಆಫೀಸೇ ಕೊಡುತ್ತದೆ, ಖರ್ಚಿಲ್ಲ. ಹೆಣ್ಣು ಅಧಿಕಾರಿ, ಹೆಣ್ಣು ದುಭಾಷಿ ಬೇಕಾದರೆ ಮುಂಚೆಯೇ ಕೇಳಬೇಕು. ಭಾಷೆಯ ಹೆಸರು ಸರಿಯಾಗಿ ಬರೆಸಿ. "ಅರೇಬಿಕ್" ಅಂತ ಬರೆದಿರುತ್ತಾರೆ, ಬಂದವರ ಮನೆಮಾತು ಸುಡಾನಿನ ಮಸಾಲಿತ್ ಆಗಿರುತ್ತದೆ. ಶುರುವಿನಲ್ಲೇ "ಮಾತು ತಿಳಿಯುತ್ತಿದೆಯಾ?" ಅಂತ ಕೇಳುತ್ತಾರೆ. ಸಂಕೋಚಕ್ಕೆ ಹೂಂ ಅಂದುಬಿಟ್ಟರೆ ಆಮೇಲೆ ತಿದ್ದುವುದು ಬಲು ಕಷ್ಟ.

ಅಫ್ಘಾನ್ ಕ್ಯಾಲೆಂಡರ್ ಬೇರೆ, ಆ ದಿನಾಂಕ ಬದಲಿಸುವಾಗ ಆಗುವ ತಪ್ಪು ನಿಜಕ್ಕೂ ನೋವಿನದು. ಅವರ ವರ್ಷಕ್ಕೆ 621 ಸೇರಿಸಿದರೆ ನಮ್ಮ ಇಸವಿ ಅಂತ ಜನ ಲೆಕ್ಕ ಹಾಕುತ್ತಾರೆ. ಅವರ ವರ್ಷ ಶುರುವಾಗುವುದು ಮಾರ್ಚ್ 21ರ ಆಸುಪಾಸು, ಹಾಗಾಗಿ ವರ್ಷದ ಕೊನೆಯ ಸುಮಾರು ಎಂಬತ್ತು ದಿನಗಳಿಗೆ 622 ಸೇರಿಸಬೇಕು. 1380ರ 11ನೇ ತಿಂಗಳ 5 ಅಂದರೆ 2002ರ ಜನವರಿ 25, 2001 ಅಲ್ಲ. ಒಂದು ಕಾಗದದಲ್ಲಿ ಒಂದು ಇಸವಿ, ಇನ್ನೊಂದರಲ್ಲಿ ಬೇರೆ ಇಸವಿ ಬಿದ್ದರೆ ಮನುಷ್ಯನೇ ಸುಳ್ಳು ಹೇಳುತ್ತಿದ್ದಾನೆ ಅನ್ನುವ ಅನುಮಾನ ಬರುತ್ತದೆ. ಮೂಲ ದಿನಾಂಕವನ್ನೂ ಪಕ್ಕದಲ್ಲೇ ಬರೆಸಿ. ಇಂಟರ್‌ವ್ಯೂ ಬರಹದ ಪ್ರತಿ ಕೇಳಿ ಪಡೆದು, ತಪ್ಪಿದ್ದರೆ ವಕೀಲರ ಮೂಲಕ ಕೂಡಲೇ ತಿದ್ದುಪಡಿ ಕಳಿಸಬೇಕು.

ಲೆಸ್ಟರ್ ಕನ್ನಡತಿ:
ದಿನಾಂಕದ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಬಾಯ್ಲರ್‌ಗೆ ಮನೆ ಓನರ್‌ಗೆ ಫೋನ್ ಮಾಡಲಾ?

ವಸತಿ ವಿಷಯ:
ಬೇಡ, ಆಶ್ರಯಾರ್ಥಿಗಳ ದೂರು, ಅರ್ಜಿ ನೋಡಿಕೊಳ್ಳುವ ಸಂಸ್ಥೆ ಮೈಗ್ರೆಂಟ್ ಹೆಲ್ಪ್‌ಗೆ ಮಾಡಿ. ಫೋನ್ ಉಚಿತ, 24 ಗಂಟೆಯೂ ಇರುತ್ತದೆ, ದುಭಾಷಿ ಕೇಳಬಹುದು. ಕಾಯಬೇಕಾಗುತ್ತದೆ, ಬ್ಯಾಟರಿ ತುಂಬಿಸಿಕೊಂಡು ಕೂರಿ. ಚಿಕ್ಕ ಮಗು ಇದೆ, ಬಿಸಿನೀರಿಲ್ಲ ಅಂತ ಮೊದಲ ವಾಕ್ಯದಲ್ಲೇ ಹೇಳಿ, ದೂರಿನ ನಂಬರ್ ಬರೆದುಕೊಳ್ಳದೆ ಫೋನ್ ಇಡಬೇಡಿ. ನಂಬರ್ ಇಲ್ಲದ ದೂರಿಗೆ ಮುಂದೆ ಆಧಾರವೇ ಇರುವುದಿಲ್ಲ.

ಮನೆ, ಹಣ ಎರಡಕ್ಕೂ ಅರ್ಜಿ ಎಎಸ್‌ಎಫ್1, ಅದೂ ಮೈಗ್ರೆಂಟ್ ಹೆಲ್ಪ್ ಮೂಲಕವೇ. ಮುಂದಿನ 14 ದಿನಕ್ಕೆ ಊಟ-ವಸತಿಗೆ ಗತಿಯಿಲ್ಲ ಅಂತ ತೋರಿಸಬೇಕು. ನೆಂಟರು, ಗೆಳೆಯರು ಕಳಿಸಿದ ದುಡ್ಡನ್ನೂ ಬರೆಯಬೇಕು. ಮುಚ್ಚಿಟ್ಟು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಿಕ್ಕಿದರೆ ಸಹಾಯವೇ ನಿಲ್ಲಬಹುದು. ಅಡುಗೆ ಮಾಡಿಕೊಳ್ಳುವ ಮನೆಯಲ್ಲಿದ್ದರೆ ಆಸ್ಪೆನ್ ಕಾರ್ಡಿಗೆ (ಸಹಾಯದ ಹಣ ಬೀಳುವ ಡೆಬಿಟ್ ಕಾರ್ಡ್) ತಲೆಗೆ ವಾರಕ್ಕೆ 49.18 ಪೌಂಡ್ (2024ರ ದರ), ಊಟ ಕೊಡುವ ಹೋಟೆಲಿನಲ್ಲಿ ತುಂಬಾ ಕಮ್ಮಿ. ಅನುಮತಿಯಿಲ್ಲದೆ ಒಂದೇ ಸಲ 7 ದಿನಕ್ಕಿಂತ ಹೆಚ್ಚು, ಅಥವಾ ಆರು ತಿಂಗಳಲ್ಲಿ ಒಟ್ಟು 14 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಮನೆ ಕೈತಪ್ಪಬಹುದು. ಬೇರೆ ಊರಿನ ಸಂಬಂಧಿಕರ ಮನೆಗೆ ಹೋಗುವವರಿಗೆ ಇದನ್ನು ಹೇಳಲೇಬೇಕು.