ಝಡ್ ಡ್ರೈವ್ ಪದೇ ಪದೇ ಕಟ್ ಆಗುತ್ತೆ, ಏನು ಮಾಡೋದು?

ಪ್ರಶ್ನೆ: ಆಫೀಸಲ್ಲಿ 6 ಕಂಪ್ಯೂಟರ್. ವಿಂಡೋಸ್ 11 ಪ್ರೊ ಇರುವ ಒಂದನ್ನೇ ಸರ್ವರ್ ಮಾಡಿಕೊಂಡು, ಅದರಲ್ಲಿನ ಟ್ಯಾಲಿ ಡೇಟಾ ಫೋಲ್ಡರನ್ನು ಉಳಿದವುಗಳಲ್ಲಿ ಝಡ್ ಡ್ರೈವ್ ಆಗಿ ಮ್ಯಾಪ್ ಮಾಡಿದ್ದೇವೆ. ಬೆಳಿಗ್ಗೆ ಆನ್ ಮಾಡಿದಾಗ ಕೆಂಪು ಕ್ರಾಸ್. ಊಟ ಮುಗಿಸಿ ಬಂದರೆ ಮತ್ತೆ ಕ್ರಾಸ್. ಕೆಲವೊಮ್ಮೆ ಎಂಟ್ರಿ ಮಾಡುತ್ತಿರುವಾಗಲೇ ಹೋಗುತ್ತೆ. ಒಂದರಲ್ಲಂತೂ ಟ್ಯಾಲಿಗೆ ಝಡ್ ಕಾಣಿಸುವುದೇ ಇಲ್ಲ. ವಿಂಡೋಸ್ ಹೊಸದಾಗಿ ಹಾಕಬೇಕಾ?

ಉತ್ತರ: ಬೇಡ ಸರ್. ನೀವು ಹೇಳಿದ್ದು ನಾಲ್ಕು ಬೇರೆ ಬೇರೆ ತೊಂದರೆ, ಯಾವಾಗ ಕಟ್ ಆಗುತ್ತೆ ಅನ್ನೋದರಲ್ಲೇ ಕಾರಣ ಇದೆ.

ಬೆಳಿಗ್ಗೆಯದು: ವೈಫೈ ಸಿಗುವ ಮೊದಲೇ ಲಾಗಿನ್ ಮುಗಿದಿರುತ್ತೆ. ಡಬಲ್ ಕ್ಲಿಕ್ ಮಾಡಿದರೆ ತೆರೆದುಕೊಂಡರೆ ಚಿಂತೆಯಿಲ್ಲ. ಇಲ್ಲದಿದ್ದರೆ ಡ್ರೈವ್ ಜೋಡಿಸುವ 'ನೆಟ್ ಯೂಸ್' ಕಮಾಂಡ್ ಇರುವ ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ತಾನೇ ಓಡಿಸುವ ಫೈಲ್) ಮಾಡಿ, ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಲಾಗಿನ್ ಆದ 30 ಸೆಕೆಂಡ್ ಬಳಿಕ ಓಡುವಂತೆ ಇಡಿ. 'ಹೈಯೆಸ್ಟ್ ಪ್ರಿವಿಲೇಜಸ್' ಟಿಕ್ ಹಾಕಬೇಡಿ, ಹಾಕಿದರೆ ಡ್ರೈವ್ ಅಡ್ಮಿನ್ ಸೆಷನ್‌ಗೆ ಹೋಗಿ ಕೂರುತ್ತೆ, ನಿಮಗೆ ಕಾಣಲ್ಲ.

ಊಟದ ನಂತರದ್ದು: 15 ನಿಮಿಷ ಬಳಕೆ ಇಲ್ಲದಿದ್ದರೆ ಸರ್ವರೇ ಸಂಪರ್ಕ ಬಿಡಿಸುತ್ತೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ನೆಟ್ ಕಾನ್ಫಿಗ್ ಸರ್ವರ್ /ಆಟೋಡಿಸ್‌ಕನೆಕ್ಟ್:-1' ಕೊಡಿ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ). ಇದನ್ನು ಕೊಡಬೇಕಾದ್ದು ಫೋಲ್ಡರ್ ಹಂಚಿರುವ ಕಂಪ್ಯೂಟರಿನಲ್ಲಿ. ಬಹಳ ಜನ ಕ್ರಾಸ್ ಕಾಣುವ ಕಂಪ್ಯೂಟರಿನಲ್ಲಿ ಕೊಟ್ಟು, ಕೆಲಸ ಮಾಡಲಿಲ್ಲ ಅಂತಾರೆ.

ಎಂಟ್ರಿ ಮಧ್ಯೆ ಹೋಗುವುದು ಮಾತ್ರ ಗಂಭೀರ, ಡೇಟಾ ಕೆಡಬಹುದು. ಫೈಲ್ ತೆರೆದಿರುವಾಗ ಆ 15 ನಿಮಿಷದ ನಿಯಮ ಅನ್ವಯಿಸಲ್ಲ, ಹಾಗಾಗಿ ಕಾರಣ ಲೈನಿನಲ್ಲೋ ನಿದ್ದೆಗೆ ಜಾರುವ ಸರ್ವರಿನಲ್ಲೋ ಇದೆ. ಒಂದು ಕಂಪ್ಯೂಟರಿನಲ್ಲಿ ಸರ್ವರಿನ ಐಪಿಗೆ (ನೆಟ್‌ವರ್ಕಿನಲ್ಲಿ ಅದರ ವಿಳಾಸದ ಸಂಖ್ಯೆ) 'ಪಿಂಗ್ -ಟಿ' ಓಡಲು ಬಿಡಿ, ಇದು ಸಂಪರ್ಕ ಇದೆಯಾ ಅಂತ ಬಿಡದೆ ಪರೀಕ್ಷಿಸುತ್ತಿರುತ್ತೆ. ಕಟ್ ಆದ ಹೊತ್ತಿಗೆ ಪಿಂಗ್ ಕೂಡ ನಿಂತರೆ, ಎಲ್ಲರಿಗೂ ಹೋಯಿತಾ ಒಬ್ಬರಿಗೇನಾ ನೋಡಿ. ಒಬ್ಬರಿಗೇ ಆದರೆ ಅವರ ಕೇಬಲ್, ನೆಟ್‌ವರ್ಕ್ ಸ್ವಿಚ್ಚಿನ (ಎಲ್ಲರ ಕೇಬಲ್ ಬಂದು ಸೇರುವ ಪೆಟ್ಟಿಗೆ) ಪೋರ್ಟ್, ಇಲ್ಲವೇ ವೈಫೈ. ಎಲ್ಲರಿಗೂ ಆದರೆ ಸರ್ವರಿನ ಸ್ಲೀಪನ್ನು 'ನೆವರ್' ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಲ್ಯಾನ್ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ಗೆ ಹೋಗಿ, ವಿದ್ಯುತ್ ಉಳಿಸಲು ಆಫ್ ಮಾಡುವ ಟಿಕ್ ತೆಗೆಯಿರಿ. ಇನ್ನೊಂದು, ಸ್ವಿಚ್ಚು ಯುಪಿಎಸ್ ಮೇಲಿದೆಯಾ? ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಕೊಟ್ಟು, ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿರುತ್ತಾರೆ. ಕರೆಂಟ್ ಒಂದು ಸೆಕೆಂಡ್ ಹೋಗಿಬಂದರೂ ಸ್ವಿಚ್ಚು ರೀಸ್ಟಾರ್ಟ್ ಆಗಿ ಎಲ್ಲರ ಝಡ್ ಒಟ್ಟಿಗೇ ಹೋಗುತ್ತೆ.

ಇನ್ನೊಬ್ಬರ ಉತ್ತರ: ಟ್ಯಾಲಿಗೆ ಝಡ್ ಕಾಣದಿರುವುದು, ಅದರ ಶಾರ್ಟ್‌ಕಟ್‌ನಲ್ಲಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಟಿಕ್ ಇರುವುದರಿಂದ ಇರಬೇಕು. ನೀವು ಮ್ಯಾಪ್ ಮಾಡಿದ ಡ್ರೈವ್ ಅಡ್ಮಿನ್ ಆಗಿ ಓಡುವ ಪ್ರೋಗ್ರಾಮಿಗೆ ಸಾಮಾನ್ಯವಾಗಿ ಕಾಣಲ್ಲ. ಟಿಕ್ ತೆಗೆದು ನೋಡಿ. ಕಂಪ್ಯೂಟರುಗಳು ಹೆಚ್ಚಿದರೆ ಇದೂ ನೆನಪಿರಲಿ: ವಿಂಡೋಸ್ 11 ಪ್ರೊ ಒಮ್ಮೆಗೆ 20 ಸಂಪರ್ಕ ಮಾತ್ರ ಒಪ್ಪುತ್ತೆ.

ಮರುಪ್ರಶ್ನೆ: ಸ್ವಿಚ್ಚು ಗೋಡೆಯ ಪ್ಲಗ್ಗಲ್ಲೇ ಇತ್ತು ಸರ್, ಬದಲಾಯಿಸಿದೆ. ಒಂದು ಕಂಪ್ಯೂಟರಿನಲ್ಲಿ ಐಪಿಗೆ ಪಿಂಗ್ ಬರುತ್ತೆ, ಸರ್ವರಿನ ಹೆಸರು ಕೊಟ್ಟರೆ ಎರರ್ 53 (ದಾರಿ ಸಿಗಲಿಲ್ಲ ಅಂತ). ಐಪಿ ಹಾಕಿ ಮ್ಯಾಪ್ ಮಾಡಲು ಹೋದರೆ ಪಾಸ್‌ವರ್ಡ್ ಕೇಳುತ್ತೆ, ಸರ್ವರಿನ ಪಿನ್ ಕೊಟ್ಟರೆ ತೊಗೊಳ್ತಿಲ್ಲ.

ಉತ್ತರ: ಪಿನ್ ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್ ಮೇಲೆ ನಡೆಯಲ್ಲ. ಸರ್ವರಿನಲ್ಲಿ ಪಾಸ್‌ವರ್ಡ್ ಇರುವ ಲೋಕಲ್ ಯೂಸರ್ ಒಂದನ್ನು ಮಾಡಿ, ಶೇರ್ ಮತ್ತು ಸೆಕ್ಯುರಿಟಿ ಎರಡೂ ಟ್ಯಾಬ್‌ನಲ್ಲಿ ಅದಕ್ಕೆ ಅನುಮತಿ ಕೊಡಿ. ಹೆಸರಿಗೆ ಉಳಿಸಿದ ಪಾಸ್‌ವರ್ಡ್ ಐಪಿಗೆ ಅನ್ವಯಿಸಲ್ಲ, ವಿಂಡೋಸ್ ಪಾಸ್‌ವರ್ಡ್ ಉಳಿಸಿಡುವ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಐಪಿ ಹಾಕಿ ಬೇರೆಯಾಗಿ ಸೇರಿಸಿ. ಅದಕ್ಕೂ ಮೊದಲು ರೌಟರಿನಲ್ಲಿ ಸರ್ವರಿಗೆ ಡಿಎಚ್‌ಸಿಪಿ ರಿಸರ್ವೇಶನ್ (ಯಾವಾಗಲೂ ಅದೇ ಐಪಿ ಸಿಗುವ ಸೆಟ್ಟಿಂಗ್) ಕೊಡಿ, ಇಲ್ಲದಿದ್ದರೆ ಐಪಿ ಬದಲಾದ ದಿನ ಮತ್ತೆ ಕ್ರಾಸ್ ಬರುತ್ತೆ.