ಐದು ಸೀಮೆ, ಐದು ಗೋಡೆ: ಯಾವ ಗಿಡ, ಯಾವ ಜೀವಿ ಬರೆಯಲಿ? ಅನುಭವ ಇದ್ದವರು ಹೇಳಿ

ಕೇಳಿದವರು (ಚಿತ್ರಕಲಾ ಶಿಕ್ಷಕಿ):
ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡ್ತೀನಿ. ಶಾಲೆಯ ವರಾಂಡದಲ್ಲಿ 8 ಅಡಿ ಅಗಲದ 5 ಗೋಡೆ ಸಿಕ್ಕಿವೆ. ಕರ್ನಾಟಕದ ಕರಾವಳಿ, ಘಟ್ಟದ ದಟ್ಟ ಕಾಡು, ಶೋಲಾ ಬೆಟ್ಟ (ನೆತ್ತಿಯಲ್ಲಿ ಹುಲ್ಲು, ಕಣಿವೆಯಲ್ಲಿ ಕಾಡು ಇರೋದು), ಬಯಲುಸೀಮೆ, ಕೆರೆ ಅಂತ ಹಂಚಿಕೊಂಡಿದ್ದೀವಿ. ಮಕ್ಕಳ ಜೊತೆ ಕೂತು ಪಟ್ಟಿ ಮಾಡಿದ್ರೆ ಪ್ರಾಣಿ ಪಕ್ಷಿಗಳೇ 32 ಆದವು. ಹುಲಿ, ಆನೆ, ನವಿಲು ಐದೂ ಗೋಡೆಯಲ್ಲಿ ಇರಲೇಬೇಕು ಅಂತ ಹಟ ಬೇರೆ. ಗಿಡಮರದ ಸರದಿ ಬಂದಾಗ ಬರೀ "ಮರ" ಅಂತ ಬರೆದು ಬಿಟ್ಟಿದ್ದೀವಿ. ಯಾವುದನ್ನ ಇಟ್ಟುಕೊಳ್ಳಲಿ, ಯಾವುದನ್ನ ಕೈಬಿಡಲಿ? ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಗೋಡೆಚಿತ್ರ ಬರೆಯುವ ಒಬ್ಬರು:
ಮೇಡಂ, "ಮರ" ಅಂತ ಬಿಟ್ಟಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡಿ. ಯಾವ ಮರ ಅಂತ ತುಂಬಿದ್ರೆ ಪ್ರಾಣಿಗಳ ಪಟ್ಟಿ ತಾನಾಗಿ ಅರ್ಧಕ್ಕಿಳಿಯುತ್ತೆ.

ನಾನು ಇದನ್ನ ಪೆಟ್ಟು ತಿಂದು ಕಲಿತದ್ದು. ಕೆಲವು ವರ್ಷದ ಹಿಂದೆ ಒಂದು ಕಚೇರಿ ಗೋಡೆಗೆ ದರೋಜಿ ಕಡೆಯ ಕರಡಿ ಕಾಡು ಬರೆದೆ. ಬಂಡೆಗಳು ಚೆನ್ನಾಗಿ ಬಂದವು. ಕರಡಿಯೂ ಎದೆ ಮೇಲಿನ ಬಿಳಿ ಗುರುತು ಸಮೇತ ಚೆನ್ನಾಗಿ ಬಂತು. ಮುಂದುಗಡೆ ಬೋಳು ಕಾಣ್ತಿದೆ ಅಂತ ಲಂಟಾನ ಹೂವಿನ ಗೊಂಚಲು ತುಂಬಿದೆ. ಒಂದು ಮೂಲೆಗೆ ಪಾಪಾಸುಕಳ್ಳಿ, ಇನ್ನೊಂದಕ್ಕೆ ಕತ್ತಾಳೆ, ಕರಡಿ ಬಾಯಿಗೊಂದು ಸೀತಾಫಲ. ನೋಡಕ್ಕೆ ಬಂದ ಸಸ್ಯಶಾಸ್ತ್ರದ ನಿವೃತ್ತ ಮೇಷ್ಟ್ರೊಬ್ಬರು ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದ್ರು. ಆಮೇಲೆ, "ಕರಡಿ ಒಂದು ಬಿಟ್ರೆ ಮಿಕ್ಕಿದ್ದೆಲ್ಲ ಅಮೆರಿಕಾದ್ದೇ ಬರೆದಿದ್ದೀಯಲ್ಲೋ" ಅಂದ್ರು. ನಿಜ, ಆ ನಾಲ್ಕೂ ಅಮೆರಿಕಾ ಖಂಡದಿಂದ ಬಂದವು. ರಸ್ತೆಬದಿಯಲ್ಲಿ ದಿನಾ ನೋಡ್ತೀವಿ, ಹಾಗಾಗಿ ನಮ್ಮವೇ ಅಂದ್ಕೊಂಡಿರ್ತೀವಿ. ಮತ್ತೆ ಸುಣ್ಣ ಬಳಿದು ಕಾರೆ, ಬಾರೆ, ಕವಳೆ ಪೊದೆ ಬರೆದೆ. ಬಂಡೆ ಸಂದಿಗೆ ಚದುರಗಳ್ಳಿ, ಅದರ ಪಕ್ಕ ಒಂದು ಗೆದ್ದಲು ಹುತ್ತ. ಹುತ್ತ ಬಂದ ಮೇಲೆ ಕರಡಿಗೂ ಒಂದು ಕೆಲಸ ಸಿಕ್ತು. ಮೊದಲು ಫೋಟೋಗೆ ನಿಂತ ಹಾಗಿತ್ತು, ಈಗ ಮೂತಿ ಚಾಚಿ ಗೆದ್ದಲು ಹೀರ್ತಿದೆ.

ಈಗ ನಾನು ಮಾಡೋದು ಇಷ್ಟೇ. ಒಂದು ಗೋಡೆಗೆ ಒಂದು ಜಾಗ, ಒಂದು ತಿಂಗಳು, ದಿನದ ಒಂದು ಹೊತ್ತು. ಒಂದು ದೊಡ್ಡ ಮರ, ಒಂದು ಪೊದೆ ಅಥವಾ ಬಳ್ಳಿ, ಒಂದು ಹುಲ್ಲು ಅಥವಾ ನೆಲದ ಗಿಡ ಆರಿಸ್ತೀನಿ. ಅದಾದ ಮೇಲೆ "ಇದರ ಹತ್ತಿರ ಯಾರು ಬರ್ತಾರೆ, ಯಾಕೆ ಬರ್ತಾರೆ" ಅಂತ ಕೇಳ್ಕೊಳ್ತೀನಿ. ಕಾರಣ ಸಿಗದ ಪ್ರಾಣಿಗೆ ಜಾಗ ಇಲ್ಲ. ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬರೆಯೋ ಆಸೆ ಇದ್ರೆ ಈಶ್ವರಿ ಬಳ್ಳಿ ಬರೆಯಿರಿ, ಅದರ ಹುಳು ತಿನ್ನೋದು ಆ ಜಾತಿ ಬಳ್ಳಿಗಳ ಎಲೆಯನ್ನೇ. ಎಲೆ ಅಡಿಯಲ್ಲಿ ಕಡುಗೆಂಪು ಹುಳು, ಮೇಲೆ ಕಪ್ಪು ಹಳದಿ ಚಿಟ್ಟೆ, ಅಲ್ಲಿಗೆ ಒಂದು ಮೂಲೆ ತುಂಬಿತು. ಶ್ರೀಗಂಧ ಬರೆಯೋದಾದ್ರೆ ಒಂಟಿ ಮರ ನಿಲ್ಲಿಸಬೇಡಿ. ಅದು ಅರೆ ಪರಾವಲಂಬಿ, ಪಕ್ಕದ ಗಿಡಗಳ ಬೇರಿಗೆ ಬೇರು ಹಾಕಿ ನೀರು, ಸಾರ ಎಳೆಯುತ್ತೆ.

ಹಕ್ಕಿ ನೋಡುವ ಹವ್ಯಾಸಿ:
ಮೇಲಿನ ಸರ್ ಹೇಳಿದ "ಒಂದು ತಿಂಗಳು" ಅನ್ನೋದನ್ನ ಗಂಭೀರವಾಗಿ ತಗೊಳ್ಳಿ, ಜನ ಎಡವೋದೇ ಅಲ್ಲಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಬರೋದು ಚಳಿಗಾಲಕ್ಕೆ. ಬಾಲದ ದೇವನಕ್ಕಿಗೆ ಆ ಉದ್ದ ಬಾಲ ಇರೋದು ಮಳೆಗಾಲದಲ್ಲಿ, ಮರಿ ಮಾಡುವಾಗ. ಎರಡನ್ನೂ ಒಂದೇ ನೀರಿನಲ್ಲಿ ಬರೆದ್ರೆ ಜನವರಿ, ಜುಲೈ ಎರಡೂ ಒಟ್ಟಿಗೆ ಬಂದ ಹಾಗೆ. ಗೀಜಗನೂ ಅಷ್ಟೇ, ಗಂಡಿನ ತಲೆ ಎದೆ ಹಳದಿ ಆಗೋದು ಗೂಡು ಕಟ್ಟೋ ಕಾಲದಲ್ಲಿ. ಬೇಸಿಗೆಯ ಒಣ ಬಯಲಲ್ಲಿ ಹಳದಿ ಗೀಜಗ ಕೂರಿಸಬೇಡಿ. ಇಬರ್ಡ್ ಅಂತ ಹಕ್ಕಿ ನೋಡುವವರು ದಾಖಲೆ ಹಾಕೋ ಜಾಲತಾಣದಲ್ಲಿ ನಿಮ್ಮ ಜಿಲ್ಲೆ ಆರಿಸಿದ್ರೆ ಯಾವ ಹಕ್ಕಿ ಯಾವ ತಿಂಗಳು ಕಾಣುತ್ತೆ ಅಂತ ಹಸಿರು ಪಟ್ಟಿಗಳಲ್ಲಿ ತೋರಿಸುತ್ತೆ. ಮಕ್ಕಳಿಗೇ ಆ ಕೆಲಸ ಕೊಡಿ.

ಇನ್ನೊಂದು, ನೀಲಕಂಠ ಬರೆಯುವವರೆಲ್ಲ ಹೆಸರು ನಂಬಿ ಕೊರಳಿಗೆ ನೀಲಿ ಬಳಿದುಬಿಡ್ತಾರೆ. ಕೊರಳು, ಎದೆ ಕಂದು, ಅದರ ಮೇಲೆ ಬಿಳಿ ಗೀರು. ನೀಲಿ ಇರೋದು ನೆತ್ತಿ, ರೆಕ್ಕೆ, ಬಾಲದಲ್ಲಿ. ತಂತಿ ಮೇಲೆ ಕೂತಾಗ ಸಪ್ಪೆಯಾಗಿ ಕಾಣೋ ಹಕ್ಕಿ ಹಾರಿದಾಗಲೇ ನೀಲಿ ಬಿಚ್ಚೋದು. ಹಾರುವಾಗಲೇ ಬರೆಯಿರಿ.

ಹಾವೇರಿ ಕಡೆಯವರು:
ಅಕ್ಕಾರ, ಬಯಲುಸೀಮಿ ಗ್ವಾಡಿಗೆ ಹುಲಿ ತರಬ್ಯಾಡ್ರಿ. ನಮ್ಮ ಕಡೆ ಹುಲ್ಲುಗಾವಲಿಗೆ ಚಿಗರಿ (ಕೃಷ್ಣಮೃಗ) ಐತಿ, ತ್ವಾಳ ಐತಿ, ನರಿ ಐತಿ. ಕೊಪ್ಪಳ ಜಿಲ್ಲೆಯ ಬಂಕಾಪುರದಾಗ ತ್ವಾಳಕ್ಕಂತನ ವನ್ಯಧಾಮ ಮಾಡ್ಯಾರ. ಚಿಗರಿ ಹಿಂಡು ಬರೆಯೂದಾದ್ರ ಎಲ್ಲಾದಕ್ಕೂ ಕೋಡು ಹಚ್ಚಬ್ಯಾಡ್ರಿ. ತಿರುಚಿದ ಕೋಡು, ಕರಿ ಮೈ ಗಂಡಿಗಷ್ಟ. ಹೆಣ್ಣು, ಮರಿ ಕಂದು ಬಣ್ಣದಾಗಿರ್ತಾವು, ಹಿಂಡಿನಾಗ ಅವ ಹೆಚ್ಚು.

ಎರೆಭೂತ, ಅಂದ್ರ ಗ್ರೇಟ್ ಇಂಡಿಯನ್ ಬಸ್ಟರ್ಡ್, ಬರೀರಿ ಅಂತ ನಾ ಕೈಮುಗದು ಹೇಳ್ತೀನಿ. ರಾಣೆಬೆನ್ನೂರಿನ ಅಭಯಾರಣ್ಯ 1974ರಾಗ ಚಿಗರಿ ಜೋಡಿ ಈ ಹಕ್ಕಿ ಸಲುವಾಗೂ ಆಗಿದ್ದು. ಈಗ ಹಕ್ಕಿ ಅಲ್ಲಿ ಕಾಣಂಗಿಲ್ಲ, ನೀಲಗಿರಿ ಗಿಡ ಕಾಣ್ತಾವ. ಅಲ್ಲಿ ಫೋಟೋ ನೋಡಿ ಚಿತ್ರ ತಗದ್ರ ಚಿಗರಿ ಹಿಂದ ಆಸ್ಟ್ರೇಲಿಯಾದ ಮರಾನ ಬರ್ತಾವು, ಹುಷಾರು. ಬಯಲು ಅಂದ್ರ ಬಯಲಾಗೇ ಇರ್ಲಿ. ಮೊಣಕಾಲೆತ್ತರ ಹುಲ್ಲು, ನೆಲದ ಮ್ಯಾಲ ನೆಲಗುಬ್ಬಿ ಗೂಡು, ಮುಕ್ಕಾಲು ಗ್ವಾಡಿ ಬರೇ ಆಕಾಶ. ಖಾಲಿ ಐತೆಲ್ಲ ಅಂತ ಮರ ತುಂಬಬ್ಯಾಡ್ರಿ. ಖಾಲಿ ಐತಿ ಅಂತನ ಆ ಹಕ್ಕಿ ಅಲ್ಲಿ ಇತ್ತು.

ಮತ್ತೊಬ್ಬರು:
ಒಂದು ತಕರಾರು. ಇವತ್ತು ಬಯಲುಸೀಮೆಯಲ್ಲಿ ಎಲ್ಲಿ ನೋಡಿದ್ರೂ ಬಳ್ಳಾರಿ ಜಾಲಿ, ಪಾರ್ಥೇನಿಯಂ. ಕೆರೆ ತುಂಬ ನೇರಳೆ ಹೂವಿನ ಅಂತರಗಂಗೆ. ಅದನ್ನೆಲ್ಲ ಒರೆಸಿ ಬರೀ ನಮ್ಮ ಗಿಡ ಬರೆದ್ರೆ ಅದು ಈಗಿನ ಚಿತ್ರ ಹೇಗಾಗುತ್ತೆ?

ಗೋಡೆಚಿತ್ರ ಬರೆಯುವವರು (ಮತ್ತೆ):
ಮಾತು ಸರಿ. ನಾನೂ ಒಂದ್ಸಲ ಬೇಕಂತಲೇ ಬರೆದಿದ್ದೀನಿ: ಕೆರೆ ಚಿತ್ರದಲ್ಲಿ ಎಡಗಡೆ ಕಮಲ, ನೈದಿಲೆ, ದೇವನಕ್ಕಿ. ಬಲಕ್ಕೆ ಹೋಗ್ತಾ ಹೋಗ್ತಾ ಅಂತರಗಂಗೆ ಮುಚ್ಚಿಕೊಂಡು ನೀರೇ ಕಾಣದ ಹಾಗೆ. ಹೇಳಿ ಬರೆಯೋದು ಬೇರೆ, ಗೊತ್ತಿಲ್ಲದೆ ಬರೆಯೋದು ಬೇರೆ. ನನ್ನ ಲಂಟಾನ ಎರಡನೇದು. ಹಾಂ, ಕಮಲ ಬರೆಯುವಾಗ ಎಲೆ ನೀರಿನ ಮೇಲೆ ಎದ್ದು ನಿಲ್ಲಲಿ, ಎಲೆಗೆ ಸೀಳು ಇರಲ್ಲ. ನೈದಿಲೆ ಎಲೆ ನೀರಿಗೆ ಅಂಟಿಕೊಂಡಿರುತ್ತೆ, ತೊಟ್ಟಿನ ತನಕ ಸೀಳಿರುತ್ತೆ. ಹತ್ತು ಚಿತ್ರದಲ್ಲಿ ಒಂಬತ್ತರಲ್ಲಿ ಕಮಲದ ಹೂ, ನೈದಿಲೆಯ ಎಲೆ.

ಕುಮಟಾ ಕಡೆಯವರು:
ಕರಾವಳಿ ಅಂದ ಕೂಡ್ಲೆ ತೆಂಗಿನಮರ, ಗಾಳಿಮರ, ದೋಣಿ ಬರೆದು ಮುಗಿಸ್ತಾರೆ ಮಾರಾಯ್ರೆ. ಆ ಗಾಳಿಮರ ನೆಟ್ಟದ್ದು. ನೀವು ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಬರೆಯಿರಿ. ಕಾಂಡ್ಲಾದಲ್ಲೂ ಒಂದೇ ಥರ ಇಲ್ಲ: ಒಂದಕ್ಕೆ ಕೊಡೆಯ ಕಡ್ಡಿ ಹಾಗೆ ಬಾಗಿ ಕೆಸರಿಗೆ ಇಳಿಯುವ ಬೇರು, ಇನ್ನೊಂದಕ್ಕೆ ಕೆಸರಿಂದ ಪೆನ್ಸಿಲ್ ಚುಚ್ಚಿದ ಹಾಗೆ ಮೇಲೆ ಬರುವ ಬೇರು. ಮೊದಲು ಭರತವೋ ಇಳಿತವೋ ತೀರ್ಮಾನ ಮಾಡಿ. ಭರತ ಆದ್ರೆ ಬೇರು ನೀರಡಿ ಹೋಗ್ತದೆ, ತೋರಿಸಲಿಕ್ಕೆ ಏನೂ ಉಳಿಯೂದಿಲ್ಲ. ಇಳಿತ ಆದ್ರೆ ಕೆಸರಲ್ಲಿ ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಮೀನು, ಒಂದೇ ಕೊಂಡಿ ದೊಡ್ಡದಿರುವ ಏಡಿ (ಅದೂ ಗಂಡಿಗೆ ಮಾತ್ರ, ಹೆಣ್ಣಿಗೆ ಎರಡೂ ಸಣ್ಣವು), ಮೇಲೆ ಗರುಡ. ಮಕ್ಕಳಿಗೆ ಏಡಿ ಕೊಟ್ಟರೆ ಹುಲಿ ಮರೆತುಹೋಗ್ತದೆ, ನೋಡಿ ಬೇಕಾದ್ರೆ. ಮರಳ ದಿಬ್ಬ ಬೇಕಾದ್ರೆ ಮೇಕೆ ಗೊರಸಿನ ಆಕಾರದ ಎಲೆಯ, ತಿಳಿನೇರಳೆ ಹೂವಿನ ಬಳ್ಳಿ ಹಬ್ಬಿಸಿ, ಹಿಂದೆ ಕೇದಗೆ.

ಸಿದ್ದಾಪುರದ ಹಿರಿಯರೊಬ್ಬರು:
ತಂಗೀ, ಘಟ್ಟದ ಕಾಡಿಗೆ ನನ್ನ ಮತ ರಾಮಪತ್ರೆ ಜಡ್ಡಿಗೆ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿಗೆ. ಕತ್ತಲೆಕಾನಿನ ಕಡೆ ಉಂಟು. ನೀರು ನಿಂತ ಕಪ್ಪು ನೆಲ, ಅದರಿಂದ ಮೊಣಕಾಲು ಮಡಚಿದ ಹಾಗೆ ಎದ್ದು ಮತ್ತೆ ಮುಳುಗುವ ಬೇರುಗಳು. ಕಾಯಿ ಬಿರಿದರೆ ಬೀಜಕ್ಕೆ ಕೆಂಪು ಪತ್ರೆ ಸುತ್ತಿಕೊಂಡಿರ್ತದೆ, ಆ ಕತ್ತಲೆ ಹಸಿರಿನಲ್ಲಿ ಅದೊಂದೇ ಬಣ್ಣ. ಮಂಗಟ್ಟೆ (ಹಾರ್ನ್‌ಬಿಲ್) ಬರುವುದು ಅಂಥ ಹಣ್ಣಿಗೇ. ಜೋಡಿ ಬರೆದರೆ ಕಣ್ಣು ನೋಡಿ ಬರಿ: ದೊಡ್ಡ ಮಂಗಟ್ಟೆಯಲ್ಲಿ ಗಂಡಿನ ಕಣ್ಣು ಕೆಂಪು, ಹೆಣ್ಣಿಂದು ಬಿಳಿ. ಮೇಲಿನ ಕೊಂಬೆಗೆ ಸಿಂಗಳೀಕ, ಕೈಯಲ್ಲಿ ಉಪ್ಪಾಗೆ ಹಣ್ಣು. ಮುಖದ ಸುತ್ತ ಬೂದು ಕೇಸರ ಗಂಡು ಹೆಣ್ಣು ಎರಡಕ್ಕೂ ಇರ್ತದೆ. ಪೇಟೆಯ ಕೆಂಪು ಮೋರೆಯ ಮಂಗನಿಗೆ ಕೇಸರ ಅಂಟಿಸಿ ಸಿಂಗಳೀಕ ಅಂದವರನ್ನೂ ಕಂಡಿದ್ದೇನೆ.

ಶೋಲಾಕ್ಕೆ ಒಂದೇ ಎಚ್ಚರಿಕೆ. ಕುದುರೆಮುಖದ ಹುಲ್ಲಿನ ಮೇಲೆ ನೀಲಗಿರಿ ತಾರ್ ಆಡು ನಿಲ್ಲಿಸಬೇಡ, ಅದು ಈಗಿರುವುದು ತಮಿಳುನಾಡು, ಕೇರಳದಲ್ಲಿ ಮಾತ್ರ. ಕಾಟಿ ನಿಲ್ಲಿಸು, ನಾಲ್ಕೂ ಕಾಲಿಗೆ ಬಿಳಿ ಕಾಲುಚೀಲ ಹಾಕಿಸಿ. ಕಾಡು ಕಣಿವೆಯ ಮಡಿಲಿನಲ್ಲಿ, ಹುಲ್ಲು ನೆತ್ತಿಯ ಮೇಲೆ. ನೀಲಕುರಿಂಜಿ ಹಾಕಿದರೆ ಅದು 12 ವರ್ಷಕ್ಕೊಮ್ಮೆಯ ಬೆಟ್ಟವಾಗ್ತದೆ. ಮುಳ್ಳಯ್ಯನಗಿರಿ ಸಾಲಿನಲ್ಲಿ 2022ರಲ್ಲಿ ಅರಳಿತ್ತು.

ಕೇಳಿದವರು:
ಎಲ್ಲರಿಗೂ ಕೈಮುಗೀತೀನಿ. 32 ಇದ್ದದ್ದು 14ಕ್ಕೆ ಇಳೀತು, "ಮರ" ಹೋಗಿ 17 ಹೆಸರು ಬಂದಿವೆ. ಹುಲಿ ಒಂದೂ ಗೋಡೆಯಲ್ಲಿಲ್ಲ. ಆನೆ ಘಟ್ಟದ ಕಾಡಿನಲ್ಲಿ ದೂರಕ್ಕೆ, ಒಂದು ಹೆಣ್ಣು, ಒಂದು ಮರಿ. ದಂತ ಎಲ್ಲಿ ಅಂತ ಮಕ್ಕಳು ಕೇಳಿದ್ರು, ನಮ್ಮ ಹೆಣ್ಣಾನೆಗೆ ದಂತ ಹೊರಗೆ ಕಾಣಲ್ಲ ಅಂದೆ, ಅರ್ಧ ತರಗತಿ ನಂಬಲಿಲ್ಲ. ಬಯಲಿನ ಗೋಡೆಗೆ ಮುಕ್ಕಾಲು ಆಕಾಶ ಬಿಟ್ಟಿದ್ದಕ್ಕೆ ಮುಖ್ಯೋಪಾಧ್ಯಾಯರು "ಇದು ಯಾವಾಗ ಮುಗಿಯುತ್ತೆ" ಅಂತ ಎರಡು ಸಲ ಕೇಳಿದ್ದಾರೆ.

ಒಂದು ಅನುಮಾನ ಉಳೀತು. ಕೆರೆ ಗೋಡೆಗೆ ಚಳಿಗಾಲ ಮುಗಿಯೋ ಹೊತ್ತು ಅಂತ ಇಟ್ಕೊಂಡು, ದಂಡೆಯ ಊರಿನಲ್ಲಿ ಒಂದು ದೊಡ್ಡ ಹುಣಸೆಮರ ಬರೆದಾಗಿದೆ. ಈಗ ನೋಡಿದ್ರೆ ಹುಣಸೆಯ ಮೂಲವೂ ಆಫ್ರಿಕಾ ಅಂತೆ. ಅಳಿಸಲಾ?

ಹಕ್ಕಿ ನೋಡುವ ಹವ್ಯಾಸಿ:
ಬೇಡ ಮೇಡಂ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿ ಬನ್ನಿ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟೋದು ಊರೊಳಗಿನ ಹುಣಸೆಮರಗಳ ಮೇಲೇ, ಅದೂ ನೀವು ಇಟ್ಕೊಂಡಿರೋ ಕಾಲದಲ್ಲೇ. ಲಂಟಾನ ಬೇರೆ ಗಿಡ ಬೆಳೆಯೋಕೇ ಬಿಡಲ್ಲ, ಹುಣಸೆಮರದಲ್ಲಿ ಹೆಜ್ಜಾರ್ಲೆ ಸಂಸಾರ ನಡೀತಿದೆ. ನಾನಾದ್ರೆ ಇಟ್ಕೋತೀನಿ. ಆದ್ರೆ ಮರವನ್ನ ಅಷ್ಟು ಹಸಿರಾಗಿ, ಚೊಕ್ಕಟವಾಗಿ ಬಿಡಬೇಡಿ. ಗೂಡಿರೋ ಮರದ ಎಲೆ, ಕೊಂಬೆ, ಕೆಳಗಿನ ನೆಲ ಎಲ್ಲ ಹಿಕ್ಕೆ ಬಿದ್ದು ಸುಣ್ಣ ಎರಚಿದ ಹಾಗಿರುತ್ತೆ. ಆ ಭಾಗ ಮಕ್ಕಳಿಗೆ ಬಿಡಿ, ನಾ ಮುಂದು ತಾ ಮುಂದು ಅಂತ ಬರೀತಾರೆ.